ಹುಣಸೆ ಬೀಜ ಮತ್ತು ಮೂರನೆಯ ವರ್ಣತಂತು

10ನೇ ತರಗತಿಗೆ ಅನುವಂಶೀಯತೆಯ ಪಾಠ ಮಾಡುವಾಗ, ಮಕ್ಕಳಿಗೆ ಹತ್ತಿರವಾಗಲೆಂದು ಕೋವಿಡ್ ಉದಾಹರಣೆಯನ್ನು ಪಾಠಯೋಜನೆಯಲ್ಲಿ ಸೇರಿಸಿಕೊಂಡಿದ್ದೆ. “ಕೋವಿಡ್ ತೀವ್ರವಾಗಿಸುವ ಜೀನ್ ನಮ್ಮ ಕಡೆಯವರಲ್ಲಿ ಹೆಚ್ಚು” ಎಂದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಹಾಗಾದ್ರೆ ನಮ್ಮಜ್ಜಿ ತೀರಿಕೊಂಡಿದ್ದು ಅದರಿಂದಾನಾ ಮಿಸ್?” ಎಂದಳು. ನನಗೆ ಮಾತೇ ಹೊರಡಲಿಲ್ಲ. ನಾಳೆ ಹೇಳುತ್ತೇನೆಂದು ಪಾಠ ಮುಗಿಸಿದೆ. ನಾನು ಹೇಳಿದ ವಾಕ್ಯವೇ ಅರೆಬರೆಯಾಗಿತ್ತು.

ವಿಷಯ ಇಷ್ಟು. ತೀವ್ರ ಕೋವಿಡ್‌ಗೂ ಮೂರನೆಯ ವರ್ಣತಂತುವಿನ ಒಂದು ತುಣುಕಿಗೂ ಸಂಬಂಧವಿರುವುದು 2020ರಲ್ಲಿ ಗೊತ್ತಾಯಿತು. ಸುಮಾರು 50,000 ಪ್ರತ್ಯಾಮ್ಲ ಜೋಡಿಗಳಷ್ಟು ಉದ್ದದ ಈ ತುಣುಕು, ಕ್ರೊಯೇಷಿಯಾದ ವಿಂಡಿಯಾ ಗುಹೆಯಲ್ಲಿ ಸಿಕ್ಕ ನಿಯಾಂಡರ್ತಲ್ ಮೂಳೆಯ ಡಿಎನ್‌ಎಗೆ ಬಹುಪಾಲು ಹೊಂದುತ್ತದೆ ಎಂದು ಹ್ಯೂಗೋ ಜೆಬರ್ಗ್ ಮತ್ತು ಸ್ವಾಂಟೆ ಪೇಬೊ ಅದೇ ವರ್ಷ ತೋರಿಸಿದರು. ಆಫ್ರಿಕಾದಿಂದ ಹೊರಬಂದ ನಮ್ಮ ಪೂರ್ವಿಕರು ಸುಮಾರು 50,000 ವರ್ಷಗಳ ಹಿಂದೆ ನಿಯಾಂಡರ್ತಲರೊಡನೆ ಬೆರೆತಾಗ ಬಂದ ಬಳುವಳಿ ಇದು. ರೋಗನಿರೋಧಕ ಕೋಶಗಳಿಗೆ ದಾರಿ ತೋರಿಸುವ ಗ್ರಾಹಕಗಳ ಜೀನ್‌ಗಳೂ ಇಲ್ಲಿಯೇ ಇವೆ.

ದಕ್ಷಿಣ ಏಷ್ಯಾದಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಇದರ ಒಂದು ಪ್ರತಿಯಾದರೂ ಇದೆ, ಬಾಂಗ್ಲಾದೇಶದಲ್ಲಿ ಶೇ. 63, ಯುರೋಪಿನಲ್ಲಿ ಶೇ. 16. ಆಫ್ರಿಕಾದಲ್ಲಿ ಇಲ್ಲವೆನ್ನುವಷ್ಟು ಕಡಿಮೆ, ಅದು ನಿರೀಕ್ಷಿತವೇ. ಆದರೆ ನಿಯಾಂಡರ್ತಲ್ ಬಳುವಳಿ ಇರುವ ಪೂರ್ವ ಏಷ್ಯಾದಲ್ಲೂ ಇದು ಕಾಣುವುದೇ ಅಪರೂಪ! ನನಗೆ ತುಂಬಾ ಕುತೂಹಲ ಹುಟ್ಟಿಸಿದ್ದು ಇದೇ. ಒಂದು ಕಡೆ ಯಾವುದೋ ಹಳೆಯ ಸೋಂಕಿನ ಎದುರು ನೆರವಾಗಿ ಉಳಿದಿರಬಹುದು, ಇನ್ನೊಂದು ಕಡೆ ತೊಡಕಾಗಿ ಅಳಿದಿರಬಹುದು ಎಂಬುದು ಸಂಶೋಧಕರ ಊಹೆ. ಇದೇ ತುಣುಕು ಇರುವವರಿಗೆ ಎಚ್‌ಐವಿ ತಗಲುವ ಅಪಾಯ ಶೇ. 27ರಷ್ಟು ಕಡಿಮೆ ಎಂದು ಜೆಬರ್ಗ್ 2022ರಲ್ಲಿ ವರದಿ ಮಾಡಿದರು. ಹಾಗಾದರೆ ಇದು ಒಳ್ಳೆಯ ಜೀನೋ, ಕೆಟ್ಟ ಜೀನೋ? ಎದುರಿಗೆ ಯಾವ ರೋಗಾಣು ಇದೆ ಎನ್ನದೆ ಈ ಪ್ರಶ್ನೆಗೆ ಉತ್ತರವಿಲ್ಲ.

ಮರುದಿನ ಚೀಲದಲ್ಲಿ ಹತ್ತು ಹುಣಸೆ ಬೀಜ ಒಯ್ದೆ. ಮೂರಕ್ಕೆ ಸುಣ್ಣದ ಗುರುತು, ಏಕೆಂದರೆ ನಮ್ಮ ಭಾಗದಲ್ಲಿ ಈ ಆಲೀಲ್‌ನ ಪ್ರಮಾಣ ಸುಮಾರು ಶೇ. 30. ಪ್ರತಿಯೊಬ್ಬರೂ ಅಮ್ಮನ ಪರವಾಗಿ ಒಂದು ಬೀಜ ತೆಗೆದು, ನೋಡಿ, ವಾಪಸ್ ಹಾಕಿ, ಅಪ್ಪನ ಪರವಾಗಿ ಇನ್ನೊಂದು ತೆಗೆಯಬೇಕು. ಎರಡೂ ಗುರುತಿಲ್ಲದವಾಗುವ ಸಂಭವ 0.7 × 0.7, ಅಂದರೆ 0.49. ಉಳಿದ 0.51 ಗುರುತು ಬಂದವರ ಪಾಲು. ತರಗತಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕೈಗಳು ಮೇಲೆದ್ದವು. (ಮೊದಲ ಸಾಲಿನವರಿಂದ ಬೀಜ ವಾಪಸ್ ಹಾಕಿಸಲು ಮರೆತಿದ್ದೆ, ನೀವು ಮರೆಯಬೇಡಿ.)

ಆಮೇಲೆ ಆ ಹುಡುಗಿಗೆ ಹೇಳಿದೆ: “ನಮ್ಮಲ್ಲಿ ಅರ್ಧ ಜನ ಇದನ್ನು ಹೊತ್ತಿದ್ದೇವೆ, ಸೋಂಕು ಬಂದವರಲ್ಲಿ ಬಹುತೇಕರು ಗುಣವಾದರು. ಇದರಿಂದ ಆಸ್ಪತ್ರೆ ಸೇರುವ ಸಂಭವ ಸುಮಾರು 1.6 ಪಟ್ಟು ಆಗುತ್ತೆ, ಅಷ್ಟೆ. ವಯಸ್ಸಿನ ಪ್ರಭಾವ ಅದಕ್ಕಿಂತ ಬಹಳ ದೊಡ್ಡದು. ಒಬ್ಬರ ಸಾವಿಗೆ ಇದೇ ಕಾರಣ ಅಂತ ಹೇಳೋಕಾಗಲ್ಲ.”

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಜ್ಜಿಗೆ ಸಕ್ಕರೆ ಕಾಯಿಲೆನೂ ಇತ್ತು ಮಿಸ್” ಎಂದಳು. ಪಾಠಯೋಜನೆಯಲ್ಲಿ ಆ ಹಳೆಯ ವಾಕ್ಯವನ್ನು ಹೊಡೆದುಹಾಕಿ, ಪಕ್ಕದಲ್ಲಿ 0.51 ಎಂದು ಬರೆದುಕೊಂಡಿದ್ದೇನೆ.