ಪೆಟ್ಟಿಗೆ ಗಟ್ಟಿ, ಡ್ರೈವರ್ ಎಲ್ಲಿ?

ಮನೆಯಲ್ಲೇ ಹಾಡನ್ನೋ ಪಾಡ್‌ಕಾಸ್ಟನ್ನೋ ರೆಕಾರ್ಡ್ ಮಾಡುವವರ ಮೇಜಿನ ಮೇಲೆ ಒಂದು ಪುಟ್ಟ ಲೋಹದ ಪೆಟ್ಟಿಗೆ ಇರುತ್ತದೆ. ಮುಂದೆ ಮೈಕಿನ ಸಾಕೆಟ್, ಗೇನ್ ನಾಬ್, 48 ವೋಲ್ಟ್ ಎಂದು ಬರೆದ ಗುಂಡಿ. ಹಿಂದೆ ಸ್ಪೀಕರಿಗೂ ಕಂಪ್ಯೂಟರಿಗೂ ಹೋಗುವ ಕೇಬಲ್ಲುಗಳು. ಇದೇ ಆಡಿಯೊ ಇಂಟರ್‌ಫೇಸ್. ಮೈಕು ಕೊಡುವ ಕೆಲವೇ ಮಿಲಿವೋಲ್ಟುಗಳನ್ನು ಹಿಗ್ಗಿಸಿ, ಸೆಕೆಂಡಿಗೆ 44,100 ಅಥವಾ 48,000 ಸಲ ಅಳೆದು, ಅಂಕಿಗಳಾಗಿ ಕಂಪ್ಯೂಟರಿಗೆ ಮುಟ್ಟಿಸುವುದು ಅದರ ಕೆಲಸ. ಸೆಕೆಂಡ್ ಹ್ಯಾಂಡ್ ಮಾರುವವರು ಸಾಮಾನ್ಯವಾಗಿ ಹೇಳುವುದು ‘ಒಂದು ಗೀರೂ ಇಲ್ಲ, ಹೊಸದರ ಹಾಗಿದೆ’ ಎಂದು. ಆದರೆ ಈ ಪೆಟ್ಟಿಗೆ ನಡೆದು ಬಂದ ದಾರಿಯನ್ನು ನೋಡಿದರೆ, ಅದರ ಬೆಲೆ ನಿಂತಿರುವುದು ಗೀರಿನ ಮೇಲಲ್ಲ, ಪೆಟ್ಟಿಗೆಯನ್ನೂ ಕಂಪ್ಯೂಟರನ್ನೂ ಮಾತಾಡಿಸುವ ಡ್ರೈವರ್ ಎಂಬ ತಂತ್ರಾಂಶದ ಆಯಸ್ಸಿನ ಮೇಲೆ. ಆ ಆಯಸ್ಸೆಷ್ಟು ಎಂದು ಹೇಳದ ಮಾರಾಟ ಅರ್ಧ ಮಾರಾಟ.

ಅಮೆರಿಕದ ಡಿಜಿಡಿಸೈನ್ ಕಂಪನಿ 1989ರಲ್ಲಿ ಸೌಂಡ್ ಟೂಲ್ಸ್ ಅನ್ನು, 1991ರಲ್ಲಿ ಪ್ರೊ ಟೂಲ್ಸ್ ಅನ್ನು ತಂದಾಗ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡುವುದು ದೊಡ್ಡ ಸ್ಟುಡಿಯೊಗಳ ಮಾತಾಗಿತ್ತು. ಅದು ಮನೆಯೊಳಗೆ ಬಂದದ್ದು ಮುಂದಿನ ದಶಕದಲ್ಲಿ. ದನಿ ಒಳಹೋಗಿ ಹೆಡ್‌ಫೋನಿಗೆ ಮರಳುವಾಗ ಆಗುವ ತಡವನ್ನು ತಗ್ಗಿಸಲೆಂದು ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ಎಸಿಯೊ ಎಂಬ ಡ್ರೈವರ್ ಪದ್ಧತಿಯನ್ನು ರೂಪಿಸಿತು. 1999ರಲ್ಲಿ ಡಿಜಿಡಿಸೈನ್‌ನ ಡಿಜಿ 001 ಬಂತು: ಕಂಪ್ಯೂಟರಿನ ಹೊಟ್ಟೆಯೊಳಗೆ ಕೂರುವ ಒಂದು ಪಿಸಿಐ ಕಾರ್ಡು, ಹೊರಗೊಂದು ಪೆಟ್ಟಿಗೆ. 2001ರಲ್ಲಿ ಮೋಟು ಕಂಪನಿಯ 828 ಕಾರ್ಡಿನ ಹಂಗನ್ನೇ ಬಿಟ್ಟು ಫೈರ್‌ವೈರ್ ಕೇಬಲ್ಲಿನಲ್ಲಿ ಎಂಟು ಅನಲಾಗ್ ಚಾನೆಲ್‌ಗಳನ್ನು ಸಾಗಿಸಿತು. ಮರುವರ್ಷ ಡಿಜಿಡಿಸೈನ್‌ನದೇ ಯುಎಸ್‌ಬಿ ಪೆಟ್ಟಿಗೆ ಎಂಬಾಕ್ಸ್ ಬಂತು. ಸಾಕೆಟ್ ಬದಲಾದಾಗಲೆಲ್ಲ ಹಿಂದಿನ ತಲೆಮಾರಿನ ಪೆಟ್ಟಿಗೆ ಮೂಲೆ ಸೇರಿತು. ಅದರ ದನಿ ಕೆಟ್ಟಿರಲಿಲ್ಲ, ಅದನ್ನು ಸೇರಿಸಿಕೊಳ್ಳುವ ಕಂಪ್ಯೂಟರ್ ಸಿಗದಾಯಿತು.

ಬೆಲೆ ತಂತ್ರಾಂಶದಲ್ಲಿದೆ ಎನ್ನುವುದಕ್ಕೆ ಪ್ರೊ ಟೂಲ್ಸ್‌ಗಿಂತ ಒಳ್ಳೆಯ ಸಾಕ್ಷಿ ಬೇಡ. ಮನೆಬಳಕೆಯ ಪ್ರೊ ಟೂಲ್ಸ್ ಎಲ್‌ಇ ತೆರೆಯಬೇಕಾದರೆ ಡಿಜಿಡಿಸೈನ್ ಯಂತ್ರವೊಂದು ಜೋಡಿಸಿರಲೇಬೇಕಿತ್ತು. ಹಳೆಯ ಎಂಬಾಕ್ಸ್ ಕೊಂಡವರು ಮೈಕ್ ಸಾಕೆಟ್ಟಿನ ಜೊತೆಗೆ ಬೀಗದ ಕೈಯನ್ನೂ ಕೊಂಡಂತೆ ಆಗುತ್ತಿತ್ತು. 2010ರ ಕೊನೆಯಲ್ಲಿ ಬಂದ ಪ್ರೊ ಟೂಲ್ಸ್ 9 ಯಾವ ಕಂಪನಿಯ ಇಂಟರ್‌ಫೇಸ್ ಆದರೂ ಸರಿ ಎಂದಿತು. ಎಂಬಾಕ್ಸಿನೊಳಗೆ ಒಂದು ತಿರುಪೂ ಬದಲಾಗಿರಲಿಲ್ಲ, ಆದರೂ ಅದನ್ನೇ ಹುಡುಕಿ ಕೊಳ್ಳಬೇಕಾದ ಕಾರಣ ಇಲ್ಲವಾಯಿತು. ಬೀಗವೇ ಹೋದ ಮೇಲೆ ಬೀಗದ ಕೈಗೆ ಏನು ಬೆಲೆ?

ಫೈರ್‌ವೈರಿನ ಕಥೆಯೂ ಇದೇ, ಇನ್ನಷ್ಟು ಕಟುವಾಗಿ. ಅದನ್ನು ಮುಂದೆ ನಿಂತು ಬೆಳೆಸಿದ ಆಪಲ್ಲೇ 2025ರ ಮ್ಯಾಕ್ ಓಎಸ್ ತಾಹೋದಿಂದ ಅದನ್ನು ತೆಗೆದುಹಾಕಿತು. ಅಡಾಪ್ಟರ್ ಮೇಲೆ ಅಡಾಪ್ಟರ್ ಹಾಕಿ ಕೆಲಸ ಸಾಗಿಸುತ್ತಿದ್ದವರಿಗೆ ಆ ದಾರಿಯೂ ಮುಚ್ಚಿತು. ಆದರೆ ಇದು ತಪ್ಪಿಸಲಾಗದ ಹಣೆಬರಹವೇನಲ್ಲ. ಜರ್ಮನಿಯ ಆರ್‌ಎಂಇ ಕಂಪನಿ 2004ರ ತನ್ನ ಫೈರ್‌ಫೇಸ್ 800ಕ್ಕೆ ಹದಿನೈದು ವರ್ಷ ದಾಟಿದ ಮೇಲೂ ಡ್ರೈವರ್ ಕೊಟ್ಟಿತು. ಲಿನಕ್ಸ್‌ನಲ್ಲಿ ಫೈರ್‌ವೈರ್ ಭಾಗವನ್ನು 2029ರವರೆಗೆ ನೋಡಿಕೊಳ್ಳುವುದಾಗಿ ಜಪಾನಿನ ತಕಾಶಿ ಸಕಾಮೊಟೊ ಹೊಣೆ ಹೊತ್ತಿದ್ದಾರೆ. ಒಂದೇ ಕಾಲದ, ಒಂದೇ ಸಾಕೆಟ್ಟಿನ ಎರಡು ಪೆಟ್ಟಿಗೆಗಳಲ್ಲಿ ಒಂದು ಕೆಲಸಕ್ಕೆ ಬಂದು ಇನ್ನೊಂದು ಗುಜರಿ ಸೇರಿದ್ದರೆ, ಆ ವ್ಯತ್ಯಾಸವನ್ನು ಹುಡುಕಬೇಕಾದ್ದು ಪೆಟ್ಟಿಗೆಯ ಹೊರಗೆ.

ಈ ಅವಲಂಬನೆಗೆ ಮದ್ದು ಎಲ್ಲರಿಗೂ ಸೇರಿದ ಒಂದು ಮಾನದಂಡದಲ್ಲಿದೆ. ಯುಎಸ್‌ಬಿಯಲ್ಲಿ ದನಿ ಹೇಗೆ ಸಾಗಬೇಕೆಂಬ ‘ಆಡಿಯೊ ಕ್ಲಾಸ್’ ನಿಯಮ 1998ರಲ್ಲಿ ಬಂತು, ಅದರ ಎರಡನೆಯ ಆವೃತ್ತಿ 2006ರಲ್ಲಿ. ಅದನ್ನು ಪಾಲಿಸುವ ಪೆಟ್ಟಿಗೆಯನ್ನು ಮ್ಯಾಕ್, ಲಿನಕ್ಸ್, ಐಪ್ಯಾಡ್‌ಗಳು ಬೇರೆ ಡ್ರೈವರ್ ಕೇಳದೆ ಗುರುತಿಸುತ್ತವೆ. ವಿಂಡೋಸ್ 2017ರಲ್ಲಿ ಎರಡನೆಯ ಆವೃತ್ತಿಯನ್ನು ತನ್ನೊಳಗೆ ಸೇರಿಸಿಕೊಂಡಿತು. ಇಲ್ಲೂ ಒಂದು ಮಿತಿ ಇದೆ: ವಿಂಡೋಸ್‌ನಲ್ಲಿ ತಡ ಕಡಿಮೆ ಬೇಕೆಂದರೆ ಸಾಮಾನ್ಯವಾಗಿ ಕಂಪನಿಯ ಎಸಿಯೊ ಡ್ರೈವರೇ ಬೇಕು. ಹಾಗಿದ್ದರೂ ಕಂಪನಿ ಕೈಬಿಟ್ಟ ದಿನವೇ ಇಂಥ ಪೆಟ್ಟಿಗೆ ಸಾಯುವುದಿಲ್ಲ. ಹಳೆಯದಕ್ಕೆ ಹೆಚ್ಚು ಬೆಲೆ ಕೊಡಲು ಇದಕ್ಕಿಂತ ಗಟ್ಟಿ ಕಾರಣ ಬೇರೆ ಇಲ್ಲ.

ಯಂತ್ರವೂ ಹಳತಾಗುತ್ತದಲ್ಲ ಎಂದು ಕೇಳಬಹುದು. ನಿಜ. ಕೆಪಾಸಿಟರ್ ಒಣಗುತ್ತದೆ, ನಾಬ್ ತಿರುಗಿಸಿದರೆ ಕರಕರ ಎನ್ನುತ್ತದೆ. ಆದರೆ ಕೈ ಪಳಗಿದ ಮೆಕ್ಯಾನಿಕ್ ಅವನ್ನು ಬಿಚ್ಚಿ ಬೆಸುಗೆ ಹಾಕಿ ಸರಿಮಾಡಬಲ್ಲ, ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಬಿಡಿಭಾಗ ಹುಡುಕಬಹುದು. ಬರೆಯದೆ ಬಿಟ್ಟ ಡ್ರೈವರನ್ನು ಯಾವ ಅಂಗಡಿಯೂ ಬೆಸೆದುಕೊಡದು. ಹೊಸದೇ ಅಗ್ಗಕ್ಕೆ ಸಿಗುವಾಗ ಹಳೆಯದೇಕೆ ಎಂಬ ಪ್ರಶ್ನೆಯೂ ಇದೆ. ಒಬ್ಬರೇ ಹಾಡುವುದಾದರೆ ಎರಡು ಮೈಕಿನ ಹೊಸ ಪೆಟ್ಟಿಗೆ ಸಾಕು, ಅದನ್ನೇ ಕೊಳ್ಳಲಿ. ಗಾಯಕಿ, ಹಾರ್ಮೋನಿಯಂ, ತಬಲಾ, ತಾಳ ಒಟ್ಟಿಗೆ ಕೂತರೆ ತಬಲಾ ಒಂದಕ್ಕೇ ಎರಡು ಮೈಕ್ ಬೇಕಾದೀತು. ಎಂಟು ಚಾನೆಲ್ಲಿನ ಹೊಸ ಪೆಟ್ಟಿಗೆಯ ಬೆಲೆ ಭಜನಾ ಮಂಡಳಿಯ ಕೈಗೆಟುಕುವುದು ಕಷ್ಟ. ಅಂಥವರಿಗೆ ಹಳೆಯದೇ ಹೆಬ್ಬಾಗಿಲು. ಕಂಪನಿ ಎಂದೆಂದಿಗೂ ಡ್ರೈವರ್ ಬರೆಯುತ್ತ ಕೂರಲಾಗದು ಎಂಬ ಮಾತನ್ನೂ ಒಪ್ಪಬೇಕು. ನ್ಯಾಯವಾಗಿ ಕೇಳಬಹುದಾದ್ದು ಇಷ್ಟೇ: ಮಾನದಂಡವನ್ನು ಪಾಲಿಸಿ, ಕೊನೆಯ ಡ್ರೈವರನ್ನು ವೆಬ್‌ಸೈಟಿನಿಂದ ಅಳಿಸಬೇಡಿ.

ಉಳಿದ ಹೊಣೆ ಮಾರುವವರದು. ‘ಹುಡುಕಿ ತಿಳಿದುಕೊಳ್ಳುವುದು ಕೊಳ್ಳುವವರ ಕೆಲಸ’ ಎಂಬ ವಾದ ನಿಲ್ಲುವುದಿಲ್ಲ, ಏಕೆಂದರೆ ಆ ಪೆಟ್ಟಿಗೆ ಯಾವ ಕಂಪ್ಯೂಟರಿನಲ್ಲಿ ಕೊನೆಯ ಸಲ ನೆಟ್ಟಗೆ ಓಡಿತು ಎಂಬುದು ಗೊತ್ತಿರುವುದು ಅವರೊಬ್ಬರಿಗೇ. ಪರೀಕ್ಷೆ ಅರ್ಧ ಗಂಟೆಯ ಕೆಲಸ. 48 ವೋಲ್ಟ್ ಗುಂಡಿ ಒತ್ತಿ, ಮೈಕ್ ಸಾಕೆಟ್ಟಿನ ಒಂದನೇ ಮತ್ತು ಎರಡನೇ ಪಿನ್ನಿಗೆ ಮಲ್ಟಿಮೀಟರ್ ಹಿಡಿದರೆ ಮುಳ್ಳು 44ರಿಂದ 52ರ ನಡುವೆ ನಿಲ್ಲಬೇಕು. ಔಟ್‌ಪುಟ್ಟಿನಿಂದ ಇನ್‌ಪುಟ್ಟಿಗೆ ಕೇಬಲ್ ಹಾಕಿ ಒಂದೊಂದೇ ಚಾನೆಲ್ ರೆಕಾರ್ಡ್ ಮಾಡಿದರೆ ಸತ್ತ ಚಾನೆಲ್ ತಾನಾಗಿ ಸಿಕ್ಕಿಬೀಳುತ್ತದೆ. ಜೊತೆಗೆ ಕಂಪನಿಯ ಖಾತೆಯಲ್ಲಿ ನೋಂದಣಿ ಇದ್ದರೆ ಅದನ್ನು ಬಿಡಿಸಿಕೊಡಬೇಕು, ಕಂಪ್ಯೂಟರಿನ ಹೆಸರು ಮತ್ತು ಓಎಸ್ ಆವೃತ್ತಿಯನ್ನು ಬರೆದುಕೊಡಬೇಕು. ಇದೆಲ್ಲ ಹೇಳಿದರೆ ಒಂದೆರಡು ಸಾವಿರ ಕಡಿಮೆ ಸಿಗಬಹುದು. ಆದರೆ ತನ್ನಲ್ಲಿ ಉಳಿದಿರುವ ಡ್ರೈವರ್ ಫೈಲನ್ನೂ ಪೆನ್‌ಡ್ರೈವಿಗೆ ಹಾಕಿ ಪೆಟ್ಟಿಗೆಯ ಜೊತೆ ಕೊಟ್ಟವರು, ಕೊಂಡವರ ಮನೆಯಲ್ಲಿ ಅದು ಅಂದೇ ಸಂಜೆ ಹಾಡುವಂತೆ ಮಾಡಿರುತ್ತಾರೆ.