ಕೋಳಿಗೆ ಹುಳು ಬೆಳೆಸ್ತೀರಾ? ಯಾವ ಹುಳು, ಯಾವ ಕಸ ಅಂತ ಮೊದಲು ನೋಡಿ

ಹಿತ್ತಲಲ್ಲಿ ಹತ್ತು ನಾಟಿ ಕೋಳಿ ಸಾಕುವವರಿಗೂ ಈಗ ಫೀಡ್ ಚೀಲದ ರೇಟು ಕೇಳಿದ್ರೆ ತಲೆಬಿಸಿ. ಅದಕ್ಕೇ ಕಸದಲ್ಲಿ ಹುಳು ಬೆಳೆಸಿ ಕೋಳಿಗೆ ಹಾಕುವ ವಿಡಿಯೊಗಳು ಮೊಬೈಲ್‌ನಲ್ಲಿ ಓಡಾಡ್ತಿವೆ. ಐಡಿಯಾ ಒಳ್ಳೇದೇ. ಆದರೆ ಬಕೆಟ್‌ಗೆ ತರಕಾರಿ ಸಿಪ್ಪೆ ಹಾಕಿದ್ರೂ ಹುಳು ಬರುತ್ತೆ, ಸತ್ತ ಕೋಳಿ ಹಾಕಿದ್ರೂ ಬರುತ್ತೆ. ಎರಡನೇದರಲ್ಲಿ ಇನ್ನೂ ಬೇಗ ಬರುತ್ತೆ. ಎಡವಟ್ಟಾಗೋದು ಅಲ್ಲೇ.

ಸತ್ತ ಪ್ರಾಣಿಯ ದೇಹ ಕೊಳೆಯುವಾಗ ಅದರೊಳಗೆ ಬೊಟುಲಿಸಂ ಕಾಯಿಲೆ ತರುವ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡಬಹುದು. ಆ ಮಾಂಸ ತಿಂದ ಹುಳಕ್ಕೆ ಏನೂ ಆಗಲ್ಲ. ವಿಷ ಮಾತ್ರ ಹುಳದ ಮೈಯಲ್ಲಿ ಹಾಗೇ ಇರುತ್ತೆ. ಅಂಥ ಹುಳು ಕೆಲವನ್ನು ಹೆಕ್ಕಿದರೂ ಸಾಕು, ಕೋಳಿ ಮಲಗಿಬಿಡಬಹುದು. ಮೊದಲು ಕಾಲು ಸೋಲುತ್ತೆ, ಆಮೇಲೆ ರೆಕ್ಕೆ ಜೋಲುತ್ತೆ, ಕೊನೆಗೆ ಕತ್ತು ಎತ್ತಲಾಗದೆ ನೆಲಕ್ಕೆ ಚಾಚಿ ಬೀಳುತ್ತೆ. ಕತ್ತು ಹೋಯ್ತು ಅಂದ ತಕ್ಷಣ ನಮ್ಮಲ್ಲಿ ಕೊಕ್ಕರೆ ರೋಗ ಅಂದುಬಿಡೋದು ರೂಢಿ. ಕೊಕ್ಕರೆ ರೋಗದಲ್ಲಿ ಸಾಮಾನ್ಯವಾಗಿ ಹಸಿರು ಭೇದಿ, ಉಸಿರಾಟದ ತೊಂದರೆ ಇರುತ್ತೆ, ಕತ್ತು ತಿರುಚಿಕೊಳ್ಳುತ್ತೆ. ಬೊಟುಲಿಸಂನಲ್ಲಿ ಕತ್ತು ಹಗ್ಗದ ಥರ ಸಡಿಲ. ಆದರೂ ಬರೀ ಕಣ್ಣಲ್ಲಿ ನೋಡಿ ಇದೇ ಅಂತ ಹೇಳೋ ವಿಷಯ ಅಲ್ಲ, ಪಶು ಆಸ್ಪತ್ರೆಗೆ ತೋರಿಸಲೇಬೇಕು. ಪಶು ಸಂಜೀವಿನಿ ಸಹಾಯವಾಣಿ 1962ಕ್ಕೂ ಕರೆ ಮಾಡಬಹುದು.

ಹಾಗಾಗಿ ಸತ್ತ ಕೋಳಿಯನ್ನು ತಿಪ್ಪೆಗೆ ಎಸೆಯಬೇಡಿ. ಆಳವಾಗಿ ಗುಂಡಿ ತೆಗೆದು, ಸುಣ್ಣ ಹಾಕಿ ಹೂತುಬಿಡಿ. ಹುಳು ಬೆಳೆಸುವ ಬಕೆಟ್‌ಗೆ ಮಾಂಸ, ಮೀನು, ಕೋಳಿ ಅಂಗಡಿಯ ಕಸ ಯಾವುದೂ ಬೇಡ.

ಇಷ್ಟು ಹೇಳಿದ ಮೇಲೆ ಹುಳದ ಸಹವಾಸವೇ ಬೇಡ ಅನ್ನಿಸಬಹುದು. ಹಾಗೇನಿಲ್ಲ. ಮಡಿಕೆಗೆ ಒಣ ಸಗಣಿ, ಹಳೇ ಗೋಣಿ ತುಂಡು ತುಂಬಿ, ನೀರು ಚಿಮುಕಿಸಿ, ಗೆದ್ದಲು ಇರುವ ಜಾಗದಲ್ಲಿ ಬೋರಲು ಹಾಕಿ, ಮಾರನೇ ದಿನ ಅದರಲ್ಲಿ ತುಂಬಿದ ಗೆದ್ದಲನ್ನು ಕೋಳಿ ಮರಿಗೆ ಕೊಡುವ ಪದ್ಧತಿ ಹಳೇದು. ಪ್ರಾಣಿ ಸಾಕುವವರು ಅದರ ಆಹಾರವನ್ನೂ ಸಾಕೋದು ಬೇರೆ ಕಡೆಯೂ ಇದೆ. ವಿದೇಶಗಳಲ್ಲಿ ಫೆರೆಟ್ ಅಂತ ಮುಂಗುಸಿ ಥರದ ಪ್ರಾಣಿ ಸಾಕುವ ಕೆಲವರು ಅದರ ಊಟಕ್ಕಂತಲೇ ಮನೆಯಲ್ಲಿ ಇಲಿ ಬೆಳೆಸ್ತಾರೆ! ನಮ್ಮ ಕೋಳಿಗೆ ಅಷ್ಟೆಲ್ಲ ಬೇಡ. ಮೇಯಲು ಬಿಟ್ಟ ಕೋಳಿಗೆ ನುಚ್ಚು, ರಾಗಿ, ಅನ್ನ ಹೇಗೋ ಸಿಗುತ್ತೆ. ಕಮ್ಮಿ ಬೀಳೋದು ಪ್ರೋಟೀನ್. ಮರಿಗಳ ಫೀಡ್‌ನಲ್ಲಿ ಶೇ. 20ರಷ್ಟು ಪ್ರೋಟೀನ್ ಇರಬೇಕು, ಬರೀ ನುಚ್ಚಿನಲ್ಲಿ ಅದರ ಅರ್ಧವೂ ಇರಲ್ಲ. ಆ ಕೊರತೆ ತುಂಬೋಕೆ ಹುಳು.

ಬೆಳೆಸಬೇಕಾದ್ದು ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ಕಪ್ಪು ನೊಣದ ಹುಳು. ಬಿಎಸ್‌ಎಫ್ ಅಂತಲೂ ಕರೀತಾರೆ. ಒಣಗಿಸಿದ ಹುಳದಲ್ಲಿ ಸುಮಾರು ಶೇ. 40 ಪ್ರೋಟೀನ್ ಇರುತ್ತೆ, ಕೊಬ್ಬು, ಕ್ಯಾಲ್ಸಿಯಂ ಕೂಡ ಚೆನ್ನಾಗಿರುತ್ತೆ. ಯುರೋಪಿನಲ್ಲಿ 2021ರಿಂದ ಕೋಳಿ, ಹಂದಿ ಆಹಾರಕ್ಕೆ ಕೀಟದ ಪ್ರೋಟೀನ್ ಬಳಸಲು ಅನುಮತಿ ಇದೆ. ಈ ನೊಣ ಮನೆ ನೊಣದ ಹಾಗೆ ಊಟದ ಮೇಲೆ ಕೂರೋ ಜಾತಿ ಅಲ್ಲ. ದೊಡ್ಡದಾದ ಮೇಲೆ ಅದು ಆಹಾರವನ್ನೇ ಹುಡುಕಲ್ಲ, ಒಂದು ವಾರದ ಆಸುಪಾಸು ಬದುಕಿ, ಮೊಟ್ಟೆ ಇಟ್ಟು ಸಾಯುತ್ತೆ. ನೋಡೋಕೆ ಉದ್ದ ಮೈ, ಕಣಜದ ಥರ ಕಾಣುತ್ತೆ. ಕಚ್ಚಲ್ಲ, ಕುಟುಕಲ್ಲ.

ಮನೆ ನೊಣದ ಹುಳಕ್ಕೂ ಇದಕ್ಕೂ ವ್ಯತ್ಯಾಸ ಗೊತ್ತಿರಬೇಕು. ಮನೆ ನೊಣದ ಹುಳು ಬಿಳಿ, ನುಣುಪು, ಒಂದು ತುದಿ ಚೂಪು, ಉದ್ದ ಒಂದು ಸೆಂ.ಮೀ. ಸುತ್ತಮುತ್ತ. ಬಿಎಸ್‌ಎಫ್ ಹುಳು ಚಪ್ಪಟೆ, ಸಿಪ್ಪೆ ಗಟ್ಟಿ, ಮೈಮೇಲೆ ಪಟ್ಟಿ ಪಟ್ಟಿ ಮಡಿಕೆ, ಬಣ್ಣ ಕಂದು, ಬಲಿತಾಗ ಎರಡು ಸೆಂ.ಮೀ. ದಾಟುತ್ತೆ. ಕೊನೆಗೆ ಕಪ್ಪಾಗುತ್ತೆ. ಮನೆ ನೊಣ ಕೋಳಿಗೆ ಲಾಡಿಹುಳು ಹರಡುತ್ತೆ, ಅದರ ಹುಳು ತುಂಬಿದ್ರೆ ಆ ಬಕೆಟ್ ಲಾಭ ಅಲ್ಲ, ತೊಂದರೆ.

ಶುರು ಮಾಡೋಕೆ ಖಾಲಿ 20 ಲೀಟರ್ ಪೇಂಟ್ ಬಕೆಟ್ ಸಾಕು. ತಳಕ್ಕೆ ನಾಲ್ಕೈದು ಸಣ್ಣ ತೂತು ಹಾಕಿ, ನೀರು ಬಸಿಯಲಿ. ಅಡಿಗೆ ಮೂರು ಬೆರಳು ದಪ್ಪ ತೆಂಗಿನ ನಾರಿನ ಪುಡಿ ಅಥವಾ ಮರದ ಹೊಟ್ಟು ಹಾಕಿ. ಅದರ ಮೇಲೆ ಅತಿಯಾಗಿ ಹಣ್ಣಾದ ಬಾಳೆ, ಪಪ್ಪಾಯಿ, ನೀರಲ್ಲಿ ನೆನೆಸಿ ಎರಡು ದಿನ ಹುಳಿ ಬರಿಸಿದ ಬೂಸಾ. ಈ ವಾಸನೆಗೇ ನೊಣ ಬರೋದು. ಮುಖ್ಯವಾದ ಗುಟ್ಟು ಒಂದಿದೆ: ಈ ನೊಣ ಮನೆ ನೊಣದ ಥರ ಒದ್ದೆ ಕಸದ ಮೇಲೆ ಮೊಟ್ಟೆ ಇಡಲ್ಲ, ಕಸದ ಹತ್ತಿರದ ಒಣ ಸಂದಿಯಲ್ಲಿ ಇಡುತ್ತೆ. ರಟ್ಟಿನ ಡಬ್ಬದ ತುಂಡು, ಒಳಗೆ ಅಲೆ ಅಲೆ ತೂತು ಇರುತ್ತಲ್ಲ ಅದನ್ನ, ಕಸಕ್ಕೆ ತಾಗದ ಹಾಗೆ ಬಕೆಟ್ ಅಂಚಿಗೆ ಕಟ್ಟಿ. ಕಸದ ಮೇಲೆ ಒಣ ಹೊಟ್ಟು ಮುಚ್ಚಿದ್ರೆ ಮನೆ ನೊಣ ಕಮ್ಮಿ, ವಾಸನೆಯೂ ಕಮ್ಮಿ, ಪಕ್ಕದ ಮನೆಯವರ ಮುಖ ಗಂಟಿಕ್ಕೋದೂ ಕಮ್ಮಿ.

ರಟ್ಟಿನ ಸಂದಿಯಲ್ಲಿ ಕೆನೆ ಬಣ್ಣದ ಸಣ್ಣ ಮೊಟ್ಟೆ ಗೊಂಚಲು ಕಂಡರೆ ಕೆಲಸ ಆಯ್ತು. ನಾಲ್ಕು ದಿನಕ್ಕೆ ಒಡೆಯುತ್ತೆ, ಬೆಚ್ಚಗಿನ ದಿನಗಳಲ್ಲಿ ಎರಡು ವಾರದಲ್ಲಿ ಹುಳು ಕೈಗೆ ಸಿಗೋ ಗಾತ್ರಕ್ಕೆ ಬರುತ್ತೆ. ನೊಣ ಬರಲೇ ಇಲ್ಲ ಅಂದ್ರೆ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ಮರಿಹುಳು ಎಲ್ಲಿ ಸಿಗುತ್ತೆ ಅಂತ ಹೇಳಿಯಾರು.

ದಿನಾ ಕಸ ಹಾಕುವಾಗ ಮೊದಲು ಹಾಕಿದ್ದು ಖಾಲಿಯಾಗಿದೆಯಾ ನೋಡಿ. ಕೊಳೆತ ವಾಸನೆ ಬಂತು ಅಂದ್ರೆ ಜಾಸ್ತಿ ಹಾಕಿದ್ದೀರಿ ಅಂತಲೇ ಅರ್ಥ. ಕಸವನ್ನು ಮುಷ್ಟಿಯಲ್ಲಿ ಹಿಂಡಿದ್ರೆ ಒಂದೆರಡು ಹನಿ ಬರಬೇಕು, ಧಾರೆಯಾಗಿ ಸುರಿದರೆ ಒಣ ಹೊಟ್ಟು ಬೆರೆಸಿ. ಎಲ್ಲಕ್ಕಿಂತ ದೊಡ್ಡ ಶತ್ರು ಇರುವೆ. ಬಕೆಟ್ಟನ್ನು ಇಟ್ಟಿಗೆ ಮೇಲಿಟ್ಟು, ಇಟ್ಟಿಗೆಯನ್ನು ನೀರಿನ ತಟ್ಟೆಯಲ್ಲಿಡಿ. ಕೋಳಿಗಳೇ ಬಕೆಟ್ ಉರುಳಿಸಿ ಹಬ್ಬ ಮಾಡೋದೂ ಉಂಟು, ಮೇಲೊಂದು ಜಾಲರಿ ಇರಲಿ. ನೊಣ ತೂರುವಷ್ಟು ಅಗಲದ ಜಾಲರಿಯೇ ಬೇಕು.

ಬಲಿತು ಕಪ್ಪಾದ ಹುಳು ಒಣ ಜಾಗ ಹುಡುಕಿ ತಾನೇ ಮೇಲೆ ಹತ್ತುತ್ತೆ. ಬಕೆಟ್ ಒಳಗೆ ಓರೆಯಾಗಿ ಒಂದು ಹಲಗೆ ಇಟ್ಟು, ಅದರ ತುದಿ ಹೊರಗಿನ ಡಬ್ಬದ ಮೇಲೆ ಬರುವಂತೆ ಮಾಡಿದ್ರೆ ಹುಳು ಬಂದು ಡಬ್ಬಕ್ಕೆ ಬೀಳುತ್ತೆ. ಒಂದಷ್ಟನ್ನು ಹಾಗೇ ಒಣ ಹೊಟ್ಟಿನಲ್ಲಿ ಬಿಡಿ, ಮುಂದಿನ ನೊಣ ಅವೇ. ಉಳಿದದ್ದನ್ನು ತೊಳೆದು, ಒಂದು ನಿಮಿಷ ಕುದಿಯುವ ನೀರಿಗೆ ಹಾಕಿ ತೆಗೆದು ಕೊಡೋದು ಒಳ್ಳೇದು. ಹತ್ತು ದೊಡ್ಡ ಕೋಳಿಗೆ ಸಂಜೆ ಒಂದೆರಡು ಹಿಡಿ ಸಾಕು. ಹುಳು ಹಾಕಿದೆ ಅಂತ ಕಾಳು ನಿಲ್ಲಿಸಬೇಡಿ. ಇದು ಸಾರಿನ ಜೊತೆಯ ಪಲ್ಯ ಇದ್ದಂಗೆ, ಮುದ್ದೆ ಅಲ್ಲ. ಲಸಿಕೆಯನ್ನೂ ಬಿಡಬೇಡಿ.

ತರಕಾರಿ, ಹಣ್ಣು, ಜ್ಯೂಸ್ ಅಂಗಡಿಯವರಿಗೆ ಒಂದು ಮಾತು. ಹತ್ತು ಕೆ.ಜಿ. ಹಣ್ಣು-ತರಕಾರಿ ಕಸಕ್ಕೆ ಒಂದರಿಂದ ಎರಡು ಕೆ.ಜಿ. ಹಸಿ ಹುಳು ಬರುತ್ತೆ, ಉಳಿದದ್ದು ಗಿಡಕ್ಕೆ ಗೊಬ್ಬರ. ನೀವೇ ಬೆಳೆಸದಿದ್ರೂ, ಕೋಳಿ ಸಾಕುವವರು ಬಂದು ಕೇಳಿದಾಗ ಕಸ ಬೇರೆ ಮಾಡಿ ಕೊಟ್ಟರೆ ಕಸದ ಗಾಡಿಗೆ ಹಾಕೋದು ಅಷ್ಟು ಕಮ್ಮಿಯಾಗುತ್ತೆ. ರಬ್ಬರ್ ಬ್ಯಾಂಡು, ಪ್ಲಾಸ್ಟಿಕ್ ಸೇರಬಾರದು. ನಿಂಬೆ ಸಿಪ್ಪೆ, ಈರುಳ್ಳಿ ಸಿಪ್ಪೆಯ ರಾಶಿ, ಉಪ್ಪು-ಎಣ್ಣೆ ಜಾಸ್ತಿ ಇರುವ ಹೋಟೆಲ್ ಉಳಿಕೆ, ಬೂಷ್ಟು ಹಿಡಿದ ಕಾಳು, ಆಗಷ್ಟೇ ಔಷಧಿ ಹೊಡೆದ ಸೊಪ್ಪು ಇವನ್ನೆಲ್ಲ ಬೇರೆ ಇಡಿ.

ಜೂನ್‌ನಿಂದ ಮಲೆನಾಡಿನ ಕಡೆ ಮಳೆ ಹಿಡಿದ ಮೇಲೆ ನೊಣದ ಓಡಾಟ ಕಮ್ಮಿ, ಈ ನೊಣ ಕೂಡೋಕೆ ಬಿಸಿಲು ಬೇಕು. ಚಳಿಗಾಲದ ರಾತ್ರಿಗಳಲ್ಲೂ ಹುಳು ನಿಧಾನ. ಹಾಗಾಗಿ ಶುರು ಮಾಡುವವರು ಫೆಬ್ರವರಿ–ಮಾರ್ಚ್‌ನಲ್ಲಿ, ಒಂದೇ ಬಕೆಟ್‌ನಿಂದ ಮಾಡಿ. ಬಕೆಟ್ ನೆರಳಲ್ಲಿರಲಿ, ಸುತ್ತ ಬಿಸಿಲು ಬೀಳುವ ಜಾಗ ಇರಲಿ. ಮಳೆಗಾಲಕ್ಕೆ ಬೇಕಾದಷ್ಟು ಹುಳವನ್ನು ಮೇ ಬಿಸಿಲಲ್ಲೇ ಗರಿಗರಿಯಾಗಿ ಒಣಗಿಸಿ, ಗಾಳಿಯಾಡದ ಡಬ್ಬದಲ್ಲಿ ತುಂಬಿಡಬಹುದು.