ಓದಿಸಿಕೊಳ್ಳುವ ಒಡವೆ

ಡಿಎನ್‌ಎ ಆಕಾರದ ಬೆಳ್ಳಿಯ ಲೋಲಾಕು ಕೊಳ್ಳುವ ಮುನ್ನ ಒಂದನ್ನು ನೆಟ್ಟಗೆ ಹಿಡಿದು ನೋಡಿ. ಎದುರಿಗೆ ಕಾಣುವ ಎಳೆ ಎಡಗಡೆ ಕೆಳಗಿನಿಂದ ಬಲಗಡೆ ಮೇಲಕ್ಕೆ ಏರುತ್ತಿರಬೇಕು. ಓಲೆಯ ತಿರುಪಿನ ಸುತ್ತು ಇರುವುದೂ ಹಾಗೆಯೇ. ನಮ್ಮ ಜೀವಕೋಶಗಳ ಡಿಎನ್‌ಎ ಸಾಮಾನ್ಯವಾಗಿ ಬಲಸುತ್ತಿನದು. ಆದರೆ ಒಡವೆ ಮಾಡುವ ಕೈಗೆ ಜೋಡಿ ಎಂದರೆ ಕನ್ನಡಿಯ ಲೆಕ್ಕ: ಒಂದು ಕಿವಿಯದು ಬಲಕ್ಕೆ ಬಾಗಿದರೆ ಇನ್ನೊಂದು ಎಡಕ್ಕೆ ಬಾಗಬೇಕು. ಆ ರೂಢಿಯಂತೆ ತಂತಿ ಹೊಸೆದರೆ ವಿಜ್ಞಾನ ಒಂದೇ ಕಿವಿಯಲ್ಲಿ ಉಳಿಯುತ್ತದೆ. ಎಡಸುತ್ತಿನ ಡಿಎನ್‌ಎಯೂ ಇದೆ, ಅದನ್ನು ಜಡ್-ಡಿಎನ್‌ಎ ಎನ್ನುತ್ತಾರೆ ಎಂದು ಮಾರುವವರು ವಾದಿಸಿಯಾರು. ಅಷ್ಟು ಬಲ್ಲವರ ಬಳಿ ಚೌಕಾಸಿ ಮಾಡದೆ ಕೊಳ್ಳಬಹುದು.

ಸುತ್ತು ಸರಿಯಿದ್ದರೆ ಸಾಲದು. ಎರಡು ಎಳೆಗಳ ನಡುವಿನ ಕಣಿವೆಗಳಲ್ಲಿ ಒಂದು ಅಗಲ, ಒಂದು ಕಿರಿದು; ಒಂದು ಪೂರ್ತಿ ಸುತ್ತಿಗೆ ಸುಮಾರು ಹತ್ತು ಮೆಟ್ಟಿಲು. ಹೆಚ್ಚಿನ ಒಡವೆಗಳಲ್ಲಿ ಅಂದಕ್ಕಾಗಿ ಎಲ್ಲವನ್ನೂ ಸಮವಾಗಿ ಹಂಚಿಬಿಟ್ಟಿರುತ್ತಾರೆ. 1953ರ ಏಪ್ರಿಲ್ 25ರ ‘ನೇಚರ್’ ಪತ್ರಿಕೆಯಲ್ಲಿ ವಾಟ್ಸನ್ ಮತ್ತು ಕ್ರಿಕ್ ಅವರ ಲೇಖನದ ಜೊತೆ ಬಂದ ಚಿತ್ರವನ್ನು ಬರೆದವರು ಚಿತ್ರಕಲಾವಿದೆ ಓಡೀಲ್ ಕ್ರಿಕ್, ಫ್ರಾನ್ಸಿಸ್ ಕ್ರಿಕ್ ಅವರ ಪತ್ನಿ. ಈ ಆಕಾರ ಲೋಕಕ್ಕೆ ಮೊದಲು ಕಂಡದ್ದೇ ಕಲಾವಿದೆಯ ಕೈಯಿಂದ. ಹಾಗಿರುವಾಗ ಕಲೆಯ ಹೆಸರು ಹೇಳಿ ಅದನ್ನು ತಪ್ಪಾಗಿ ತಿರುಚುವುದಕ್ಕೆ ನೆಪವಿಲ್ಲ.

ಅಣುಗಳನ್ನೇ ಪದಕವಾಗಿಸುವವರಿಗೆ ಕೆಫೀನ್ ಅಚ್ಚುಮೆಚ್ಚು. ಅದು ಬಹುಮಟ್ಟಿಗೆ ಚಪ್ಪಟೆ. ಒಂದು ಷಟ್ಕೋನಕ್ಕೆ ಒಂದು ಪಂಚಕೋನ ಅಂಟಿಕೊಂಡಿರುತ್ತದೆ. ಶೇ 92.5 ಬೆಳ್ಳಿಯ ತಂತಿಯನ್ನು ಇಕ್ಕಳದಲ್ಲಿ ಹಿಡಿದು 120 ಡಿಗ್ರಿಗೆ, ಪಂಚಕೋನದ ಕಡೆ 108ಕ್ಕೆ, ಬಗ್ಗಿಸಬೇಕು. ಕಷ್ಟ ಶುರುವಾಗುವುದು ಬೆಸುಗೆಯಲ್ಲಿ. ಪಕ್ಕಪಕ್ಕದಲ್ಲೇ ಹತ್ತಾರು ಕೀಲುಗಳಿರುವುದರಿಂದ ಹೊಸದನ್ನು ಬೆಸೆಯಲು ಊದುವ ಬೆಂಕಿ ಹಳೆಯದನ್ನು ಕರಗಿಸಿಬಿಡುತ್ತದೆ. ಅದಕ್ಕೇ ಮೊದಲ ಕೀಲುಗಳಿಗೆ ಹೆಚ್ಚು ಕಾವಿಗೆ ಕರಗುವ ಬೆಸುಗೆ, ಆಮೇಲಿನವಕ್ಕೆ ಕಡಿಮೆ ಕಾವಿನದು, ಕೊನೆಯದಕ್ಕೆ ಇನ್ನೂ ಕಡಿಮೆಯದು. ಪ್ರತಿ ಸಲವೂ ಬಿಳಿಗಾರ ಹಚ್ಚಿ, ಕಾಯಿಸಿ, ಆಮ್ಲದಲ್ಲಿ ಅದ್ದಿ ಕಪ್ಪು ತೆಗೆಯಬೇಕು. ಲೇಸರ್‌ನಿಂದ ತಗಡು ಕತ್ತರಿಸಿದರೆ ಇದೇ ಪದಕ ಕ್ಷಣದಲ್ಲಿ ಸಿದ್ಧ. ಅದೂ ಚೆನ್ನಾಗಿಯೇ ಇರುತ್ತದೆ. ಕೈಕೆಲಸವೆಂದು ಹೇಳಿ ಮಾರದಿದ್ದರೆ ಸಾಕು.

ಉಲ್ಕೆಯ ಉಂಗುರದಲ್ಲಿ ವಿನ್ಯಾಸ ಬರೆಯುವ ಕೆಲಸವೇ ಇಲ್ಲ. ಕಬ್ಬಿಣ-ನಿಕೆಲ್ ಉಲ್ಕೆಯನ್ನು ಕೊಯ್ದು, ಉಜ್ಜಿ, ಅದಕ್ಕೆ ದುರ್ಬಲ ನೈಟ್ರಿಕ್ ಆಮ್ಲ ಸವರಿದರೆ ಹೆಣೆದುಕೊಂಡ ಪಟ್ಟಿಗಳು ಮೇಲೇಳುತ್ತವೆ. ಲಕ್ಷಾಂತರ ವರ್ಷ ನಿಧಾನವಾಗಿ ತಣಿದ ಲೋಹದಲ್ಲಿ ಮಾತ್ರ ಬೆಳೆಯುವ ಹರಳುಗಳವು. ಮಳೆಗಾಲದಲ್ಲಿ ಜೋಪಾನ, ತುಕ್ಕು ಹಿಡಿಯುತ್ತದೆ.

ಈ ಹುಚ್ಚು ಹೊಸದೇನಲ್ಲ. 16–17ನೇ ಶತಮಾನದ ಜರ್ಮನಿಯಲ್ಲಿ ಮಾಡಿದ ಕೆಲವು ಚಿನ್ನದ ಉಂಗುರಗಳು ಬೆರಳಲ್ಲಿದ್ದಾಗ ಮಾಮೂಲಿ ಉಂಗುರ. ಬಿಚ್ಚಿದರೆ ಒಳಗಿನ ಬಳೆಗಳು ಒಂದೊಂದು ದಿಕ್ಕಿಗೆ ಹೊರಳಿ ಖಗೋಳದ ಪುಟ್ಟ ಮಾದರಿಯಾಗುತ್ತವೆ. ಒಳಮೈ ತುಂಬ ರಾಶಿಚಕ್ರದ ಕೆತ್ತನೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಇಂಥವನ್ನು ಇಟ್ಟಿದ್ದಾರೆ. 1835ರಲ್ಲಿ ಹ್ಯಾಲಿ ಧೂಮಕೇತು ಬಂದಾಗ ಇಂಗ್ಲೆಂಡಿನಲ್ಲಿ ಹರಳಿನ ತಲೆ, ಚಿನ್ನದ ಬಾಲದ ಬ್ರೋಚುಗಳು ಫ್ಯಾಷನ್ ಆದವು.

ಇನ್ನು ಪುಸ್ತಕದ ಕಡೆ. ಟ್ಯೂಡರ್ ಕಾಲದ ಸಿರಿವಂತ ಹೆಂಗಸರು ಚಿನ್ನದ ರಕ್ಷಾಪುಟ ಹೊದಿಸಿದ ಅಂಗೈಗಿಂತ ಚಿಕ್ಕ ಪ್ರಾರ್ಥನಾ ಪುಸ್ತಕಗಳನ್ನು ಸೊಂಟದ ಪಟ್ಟಿಗೆ ತೂಗುಹಾಕಿಕೊಳ್ಳುತ್ತಿದ್ದರು. ಇಂದು ಚರ್ಮದ ರಟ್ಟು ಕಟ್ಟಿ, ಹಾಳೆ ಹೊಲಿದು, ಸರಕ್ಕೆ ಪೋಣಿಸುವ ಕಿರುಪುಸ್ತಕಗಳು ಅವುಗಳ ವಂಶದವೇ. ಹಳೆಯ ಪುಸ್ತಕ ಹರಿದು, ಹಾಳೆ ಸುರುಳಿ ಸುತ್ತಿ, ವಾರ್ನಿಷ್ ಬಳಿದ ಕಾಗದದ ಮಣಿಗಳ ಬಗ್ಗೆ ನನಗೆ ತಕರಾರಿದೆ. ಮುದ್ರಣಾಲಯಗಳಲ್ಲಿ ಕೆಟ್ಟ ಹಾಳೆಗಳಿಗೆ ಬರವೇ?

ಒಡವೆಯೇ ಪುಸ್ತಕಕ್ಕೆ ಹೊಕ್ಕದ್ದೂ ಉಂಟು. 1801ರಲ್ಲಿ ನೌಕಾಪಡೆಯಲ್ಲಿದ್ದ ಚಾರ್ಲ್ಸ್ ಆಸ್ಟಿನ್ ತನ್ನ ಪಾಲಿಗೆ ಬಂದ ಬಹುಮಾನದ ಹಣದಲ್ಲಿ ಅಕ್ಕಂದಿರಾದ ಜೇನ್ ಮತ್ತು ಕಸಾಂಡ್ರಾಗೆ ಚಿನ್ನದ ಸರ, ಪುಷ್ಯರಾಗದ ಶಿಲುಬೆ ತಂದುಕೊಟ್ಟ. 1814ರಲ್ಲಿ ಬಂದ ಜೇನ್ ಆಸ್ಟಿನ್ ಕಾದಂಬರಿ ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ನಲ್ಲಿ ನಾವಿಕ ಅಣ್ಣ ತಂಗಿಗೆ ಅಂಬರಿನ ಶಿಲುಬೆ ತರುತ್ತಾನೆ, ಸರ ಕೊಳ್ಳಲು ಮಾತ್ರ ಅವನಲ್ಲಿ ದುಡ್ಡಿಲ್ಲ. ಆ ಶಿಲುಬೆಯನ್ನು ಯಾರು ಕೊಟ್ಟ ಸರದಲ್ಲಿ ಧರಿಸುವುದು ಎಂಬುದು ಕಥೆಯಲ್ಲಿ ದೊಡ್ಡ ಪೇಚಾಟ. ನಿಜದ ಶಿಲುಬೆಗಳು ಚಾಟನ್‌ನ ಆಸ್ಟಿನ್ ಮನೆಯ ವಸ್ತುಸಂಗ್ರಹಾಲಯದಲ್ಲಿವೆ.

ನಮ್ಮಲ್ಲಿ ಇನ್ನೂ ಯಾರಾದರೂ ಮಾಡಬೇಕಾದ ಸರವೊಂದಿದೆ. 9ನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಅದರ ಗುಣಾಕಾರದ ಭಾಗದಲ್ಲಿ ಎರಡೂ ತುದಿಯಿಂದ ಒಂದೇ ಬಗೆಯಾಗಿ ಓದಬಹುದಾದ ಗುಣಲಬ್ಧಗಳು ಬರುತ್ತವೆ. ಅಂಥವನ್ನು ಆತ ಕೊರಳ ಹಾರವೆಂದು ಕರೆಯುತ್ತಾನೆ. 12345679ನ್ನು 9ರಿಂದ ಗುಣಿಸಿದರೆ 111111111. 27994681ನ್ನು 441ರಿಂದ ಗುಣಿಸಿದರೆ 12345654321. ಈ ಎರಡನೆಯದನ್ನು ಅಕ್ಕಸಾಲಿಗರಿಗೆ ಹೇಳುವುದು ಸುಲಭ: ಒಂದು ಗುಂಡು, ಒಂದು ಹವಳ, ಎರಡು ಗುಂಡು, ಒಂದು ಹವಳ, ಹೀಗೆ ಆರರವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯಬೇಕು. ಹವಳ ಹತ್ತು, ಚಿನ್ನದ ಗುಂಡು 36. ಇವತ್ತಿನ ಚಿನ್ನದ ದರದಲ್ಲಿ ಬೆಳ್ಳಿ ಗುಂಡೂ ನಡೆಯುತ್ತದೆ.